ಕೇಳಿದ ಮಾತಿನ ಹೊಣೆ

ಪ್ರಮಾಣಗಳು ಎಷ್ಟೆಂಬ ವಿಷಯದಲ್ಲಿ ನಮ್ಮ ದರ್ಶನಕಾರರಿಗೆ ಏಕಾಭಿಪ್ರಾಯವಿಲ್ಲ. ಚಾರ್ವಾಕನಿಗೆ ಪ್ರತ್ಯಕ್ಷವೊಂದೇ ಸಾಕು. ಬೌದ್ಧರೂ ವೈಶೇಷಿಕರೂ ಅನುಮಾನವನ್ನು ಸೇರಿಸಿ ಎರಡೆಂದರು. ಸಾಂಖ್ಯರು ಆಪ್ತವಾಕ್ಯವನ್ನು ಕೂಡಿಸಿ ಮೂರೆಂದರು. ನೈಯಾಯಿಕರು ಉಪಮಾನದೊಡನೆ ನಾಲ್ಕೆಂದರು. ಪಟ್ಟಿ ಹೀಗೆ ಬೆಳೆಯುತ್ತ ಪೌರಾಣಿಕರ ಕೈಯಲ್ಲಿ ಎಂಟಾಯಿತು. ಆ ಎಂಟರಲ್ಲಿ ಒಂದಕ್ಕೆ ಐತಿಹ್ಯವೆಂದು ಹೆಸರು. ಮೊದಲು ಹೇಳಿದವರು ಯಾರೆಂದು ಗೊತ್ತಿಲ್ಲದೆ, ಹಿಂದಿನವರು ಹೀಗೆನ್ನುತ್ತಿದ್ದರೆಂದು ಬಾಯಿಂದ ಬಾಯಿಗೆ ಬಂದ ಮಾತು ಐತಿಹ್ಯ. ಇದಕ್ಕೆ ಶಾಸ್ತ್ರಗ್ರಂಥಗಳು ಕೊಡುವ ಉದಾಹರಣೆ ಪಾಠಶಾಲೆಯಲ್ಲಿ ಓದಿದವರಿಗೆಲ್ಲ ಪರಿಚಿತವಾದುದು: ಆಲದ ಮರದಲ್ಲಿ ಯಕ್ಷನಿರುವನೆಂಬ ಊರ ಮಾತು. ಯಕ್ಷನನ್ನು ಕಂಡವರಿಲ್ಲ, ಕಂಡೆನೆಂದು ಮೊದಲು ಹೇಳಿದವನ ಹೆಸರೂ ಉಳಿದಿಲ್ಲ, ಆದರೂ ಸಂಜೆಯ ಮೇಲೆ ಆ ದಾರಿಯಲ್ಲಿ ಹೋಗುವವರು ಕಡಮೆ. ವಾಚಸ್ಪತಿಮಿಶ್ರರು ಇದನ್ನು ಪ್ರಮಾಣಗಳ ಸಾಲಿನಿಂದ ತೆಗೆದುಹಾಕಿದ ಕ್ರಮ ಬಹು ಸರಳವಾದುದು. ಮೂಲದಲ್ಲಿ ಹೇಳಿದವನು ಯಾರೆಂದು ತಿಳಿಯದಿರುವಾಗ ಆ ಮಾತು ಸಂದೇಹಾಸ್ಪದವಾದುದು, ಪ್ರಮಾಣವಲ್ಲ. ಹೇಳಿದವನು ಆಪ್ತನೆಂದು ಗೊತ್ತಾದ ಪಕ್ಷದಲ್ಲಿ ಅದು ಆಪ್ತವಾಕ್ಯವೇ ಆಯಿತು. ಅದಕ್ಕೆ ಬೇರೊಂದು ಹೆಸರು ಏತಕ್ಕೆ?

ಈ ಸೂಕ್ಷ್ಮವನ್ನು ನಮ್ಮ ಕನ್ನಡ ನುಡಿ ಯಾವ ಶಾಸ್ತ್ರದ ಸಹಾಯವೂ ಇಲ್ಲದೆ ಎರಡಕ್ಷರಗಳಲ್ಲಿ ಅಡಗಿಸಿಟ್ಟಿದೆ. “ಶಾನುಭೋಗರ ಮನೆಗೆ ಕಳ್ಳರು ನುಗ್ಗಿದರು” ಎನ್ನುವುದು ಒಂದು. “ನುಗ್ಗಿದರಂತೆ” ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಹೇಳುವವನು ಸಾಕ್ಷಿ. ಎರಡನೆಯದರಲ್ಲಿ ಅವನೂ ನಮ್ಮ ಹಾಗೆಯೇ ಕೇಳಿದವನು. ಅಕ್ಷರವರಿಯದ ಹಳ್ಳಿಯ ಮುದುಕಿಯೂ ಈ ಭೇದವನ್ನು ತಪ್ಪುವುದಿಲ್ಲ. ಅಂತೆಕಂತೆಗಳೆಂದು ನಾವು ಈ ಪ್ರತ್ಯಯವನ್ನು ಹಗುರಮಾಡಿ ನಗುವುದುಂಟು. ನ್ಯಾಯವಾಗಿ ನೋಡಿದರೆ ಅಂತೆ ಎನ್ನುವವನು ಪ್ರಾಮಾಣಿಕನು. ತನ್ನ ಮಾತಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ಆ ಮಾತಿನೊಡನೆಯೇ ಅವನು ತಿಳಿಸಿಬಿಡುತ್ತಾನೆ.

ಈಗ ಸಮಾಚಾರ ಸಂಚರಿಸುವ ದಾರಿ ಬೇರೆಯಾಗಿದೆ. ವಾಟ್ಸಾಪ್, ಫೇಸ್‌ಬುಕ್, ೨೦೨೩ರಿಂದ ಎಕ್ಸ್ ಎಂಬ ಹೆಸರನ್ನು ಧರಿಸಿರುವ ಟ್ವಿಟರ್ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ, ತನಗೆ ಬಂದ ವಾರ್ತೆಯನ್ನು ಇನ್ನೊಬ್ಬರಿಗೆ ದಾಟಿಸಲು ಬಾಯಿ ತೆರೆಯಬೇಕಾದುದಿಲ್ಲ, ಬರೆಯಬೇಕಾದುದೂ ಇಲ್ಲ. ಹೆಬ್ಬೆರಳಿನ ಒಂದು ಒತ್ತು ಸಾಕು. ಬಾಯಲ್ಲಿ ಹೇಳುವಾಗ ತಾನಾಗಿಯೇ ಬಂದು ಸೇರಿಕೊಳ್ಳುತ್ತಿದ್ದ ಅಂತೆಗೆ ಇಲ್ಲಿ ಅವಕಾಶವೇ ಇಲ್ಲ. ವಾರ್ತೆಯು ಬಂದ ರೂಪದಲ್ಲಿಯೇ, ಅಕ್ಷರವೂ ಬದಲಾಗದೆ, ಕಣ್ಣಾರೆ ಕಂಡವನ ಧಾಟಿಯಲ್ಲಿಯೇ ಮುಂದಕ್ಕೆ ಹೋಗುತ್ತದೆ. ಅದರ ತಲೆಯ ಮೇಲೆ ಮಾತ್ರ ಕಳುಹಿಸಿದವರ ಹೆಸರೂ ಮುಖಚಿತ್ರವೂ ಇರುತ್ತವೆ: ಅಣ್ಣ, ಅತ್ತಿಗೆ, ಹಳೆಯ ಸಹಪಾಠಿ, ದೇವಸ್ಥಾನದ ಧರ್ಮದರ್ಶಿ.

ನ್ಯಾಯಶಾಸ್ತ್ರದಲ್ಲಿ ಆಪ್ತನೆಂದರೆ ವಿಷಯವನ್ನು ತಾನು ನೇರವಾಗಿ ಅರಿತವನು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಭಾಷ್ಯಕಾರರಾದ ವಾತ್ಸ್ಯಾಯನರು ಹೇಳಿದ್ದಾರೆ. ಎಂದರೆ ಆಪ್ತತ್ವವು ಕುಲದಿಂದ ಬರುವುದಲ್ಲ, ವಿಷಯಜ್ಞಾನದಿಂದಲೂ ನಿಷ್ಕಪಟತೆಯಿಂದಲೂ ಬರುವುದು. ಕನ್ನಡದ ರೂಢಿಯಲ್ಲಾದರೋ ಆಪ್ತನೆಂದರೆ ಹತ್ತಿರದವನು, ಅಂತರಂಗದ ಗೆಳೆಯ. ಶಬ್ದವೊಂದೇ, ಅರ್ಥ ಎರಡು. ಜಾಲತಾಣಗಳಲ್ಲಿ ಕಾಣುವ ಅನರ್ಥಗಳ ಬಹುಭಾಗವು ಈ ಎರಡು ಅರ್ಥಗಳ ಸಂಕರದಿಂದ ಹುಟ್ಟತಕ್ಕದ್ದೆಂದು ನನ್ನ ಅಭಿಪ್ರಾಯ. ತಂಗಿ ಕಳುಹಿಸಿದ ಔಷಧದ ವಾರ್ತೆಯನ್ನು ನಾವು ನಂಬುವುದು ಆಕೆಗೆ ವೈದ್ಯ ಗೊತ್ತೆಂದಲ್ಲ. ಆಕೆ ನಮಗೆ ಕೇಡನ್ನು ಬಯಸಳೆಂದು. ಕೇಡನ್ನು ಬಯಸದಿರುವುದು ಆಪ್ತಲಕ್ಷಣದಲ್ಲಿ ಅರ್ಧವೇ ಹೊರತು ಪೂರ್ಣವಲ್ಲ. ಪ್ರಕೃತ ಪ್ರಶ್ನೆ ಇಷ್ಟು: ಹೀಗೆ ತನ್ನ ಹೆಸರಿನ ಮೇಲಿರುವ ನಂಬಿಕೆಯನ್ನು ಒಡೆಯನಿಲ್ಲದ ಮಾತಿಗೆ ಕಡವಾಗಿ ಕೊಟ್ಟವನು ಆ ಮಾತಿಗೆ ಹೊಣೆಯಾಗುವನೆ, ಇಲ್ಲವೆ?

ಇದನ್ನು ವಿಚಾರಿಸುವುದಕ್ಕೆ ಮೊದಲು ಜನರು ವಾಸ್ತವವಾಗಿ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ತಿಳಿಯುವುದು ಲೇಸು. ಅದೃಷ್ಟವಶಾತ್ ಈ ವಿಷಯದಲ್ಲಿ ಈಚೆಗೆ ಬಹಳ ಪರಿಶೋಧನೆ ನಡೆದಿದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸೊರೂಷ್ ವೊಸೂಘಿ, ದೇಬ್ ರಾಯ್, ಸಿನಾನ್ ಆರಾಲ್ ಎಂಬ ಮೂವರು ವಿದ್ವಾಂಸರು ೨೦೧೮ರ ಮಾರ್ಚಿ ತಿಂಗಳಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಇವುಗಳಲ್ಲಿ ಪ್ರಸಿದ್ಧವಾದುದು. ಟ್ವಿಟರ್ ಹುಟ್ಟಿದ ೨೦೦೬ರಿಂದ ೨೦೧೭ರವರೆಗೆ ಅದರಲ್ಲಿ ಹರಿದ ಸುಮಾರು ೧,೨೬,೦೦೦ ವಾರ್ತಾಪ್ರವಾಹಗಳನ್ನು ಅವರು ಹಿಡಿದು ನೋಡಿದರು. ಅವುಗಳನ್ನು ಹರಡಿದವರು ಸುಮಾರು ೩೦ ಲಕ್ಷ ಜನ. ಹರಡಿದ ಸಂಖ್ಯೆ ೪೫ ಲಕ್ಷ ಬಾರಿಗೂ ಮೇಲು. ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನು ವಾರ್ತಾಪರಿಶೀಲನೆಯನ್ನೇ ಕಸುಬಾಗಿ ಉಳ್ಳ ಆರು ಸಂಸ್ಥೆಗಳ ತೀರ್ಪಿನಿಂದ ಗೊತ್ತುಮಾಡಿಕೊಂಡರು. ಫಲಿತಾಂಶವೇನೆಂದರೆ, ಸುಳ್ಳು ವಾರ್ತೆಯು ಮತ್ತೊಬ್ಬರಿಂದ ಮುಂದಕ್ಕೆ ಕಳುಹಿಸಲ್ಪಡುವ ಸಂಭವವು ನಿಜವಾರ್ತೆಗಿಂತ ನೂರಕ್ಕೆ ೭೦ ಪಾಲು ಹೆಚ್ಚು. ೧,೫೦೦ ಜನರನ್ನು ಮುಟ್ಟಬೇಕಾದರೆ ನಿಜಕ್ಕೆ ಸುಳ್ಳಿಗಿಂತ ಆರರಷ್ಟು ಕಾಲ ಹಿಡಿಯುತ್ತಿತ್ತು. ತಾನಾಗಿ ವಾರ್ತೆಗಳನ್ನು ಹರಡುವ ಯಂತ್ರಗಳು ಟ್ವಿಟರಿನಲ್ಲಿ ಉಂಟು. ದೋಷವೆಲ್ಲ ಅವುಗಳದಾಗಿರಬಹುದೆಂದು ಶಂಕಿಸಿ, ಅವನ್ನು ಲೆಕ್ಕದಿಂದ ತೆಗೆದು ನೋಡಿದರು. ಯಂತ್ರಗಳು ನಿಜವನ್ನೂ ಸುಳ್ಳನ್ನೂ ಸಮನಾಗಿಯೇ ಹರಡುತ್ತಿದ್ದುವು. ಪಕ್ಷಪಾತವೆಸಗಿದವರು ಮನುಷ್ಯರು.

ಈ ಲೇಖನದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಇನ್ನೊಂದು ಸಂಗತಿ. ವಾರ್ತೆಗಳಿಗೆ ಓದುಗರು ಬರೆದ ಪ್ರತ್ಯುತ್ತರಗಳಲ್ಲಿ ಯಾವ ಯಾವ ಭಾವಗಳು ತೋರುತ್ತವೆಂಬುದನ್ನು ಅವರು ಗಣಿಸಿದ್ದಾರೆ. ಸುಳ್ಳಿನ ಕೆಳಗೆ ಹೆಚ್ಚಾಗಿ ಕಂಡವು ಆಶ್ಚರ್ಯ, ಭಯ, ಹೇಸಿಗೆ. ನಿಜದ ಕೆಳಗೆ ದುಃಖ, ಹರ್ಷ, ವಿಶ್ವಾಸ, ಮುಂದೇನಾಗುವುದೋ ಎಂಬ ನಿರೀಕ್ಷೆ. ಅಲಂಕಾರಶಾಸ್ತ್ರವನ್ನು ಓದಿದವರಿಗೆ ವಿಸ್ಮಯ, ಭಯ, ಜುಗುಪ್ಸೆಗಳೆಂದೊಡನೆ ಅದ್ಭುತ, ಭಯಾನಕ, ಬೀಭತ್ಸ ರಸಗಳ ಸ್ಥಾಯಿಭಾವಗಳು ನೆನಪಿಗೆ ಬಾರದಿರವು. ರಂಗದ ಮೇಲೆ ಇವುಗಳನ್ನು ಸಹೃದಯನು ಸವಿದು ಮನೆಗೆ ಹೋಗುತ್ತಾನೆ. ರಾಕ್ಷಸನ ಪಾತ್ರಧಾರಿಯನ್ನು ದಾರಿಯಲ್ಲಿ ಅಡ್ಡಗಟ್ಟಿ ಹೊಡೆಯುವುದಿಲ್ಲ. ಜಾಲತಾಣದಲ್ಲಿಯೋ ರಂಗವೂ ಬೀದಿಯೂ ಒಂದೇ ಆಗಿರುವುದರಿಂದ ಭಾವವು ರಸವಾಗಲು ಬೇಕಾದ ಆ ಅಂತರವೇ ಇಲ್ಲ.

ಈ ಪರಿಶೋಧನೆಗೂ ಮಿತಿಗಳುಂಟು. ಪರಿಶೀಲಕ ಸಂಸ್ಥೆಗಳ ಕಣ್ಣಿಗೆ ಬಿದ್ದ ವಾರ್ತೆಗಳು ಮಾತ್ರ ಇದರಲ್ಲಿ ಸೇರಿವೆ. ಯಾರೂ ಶಂಕಿಸದ ಸಾಮಾನ್ಯ ನಿಜಗಳು ಸೇರಿಲ್ಲ. ೨೦೨೧ರಲ್ಲಿ ಯೂಲ್, ಉಗಾಂಡರ್ ಎಂಬಿಬ್ಬರು ಅದೇ ಅಂಕೆಗಳನ್ನು ಮತ್ತೆ ಪರೀಕ್ಷಿಸಿ, ಸಮಾನಗಾತ್ರದ ಪ್ರವಾಹಗಳನ್ನು ಹೋಲಿಸಿದರೆ ನಿಜವೂ ಸುಳ್ಳೂ ಹರಿಯುವ ರೀತಿಯಲ್ಲಿ ಭೇದವಿಲ್ಲವೆಂದೂ, ಸುಳ್ಳಿಗೆ ಅಂಟುವ ಗುಣ ಹೆಚ್ಚೆಂಬುದಷ್ಟೇ ಅದರ ವಿಶೇಷವೆಂದೂ ತೋರಿಸಿದರು. ನಮ್ಮ ಪ್ರಶ್ನೆಗೆ ಅಷ್ಟೇ ಸಾಕು; ಅಂಟಿಸುವವರು ನಾವಲ್ಲವೆ?

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. “ಸ್ವಾಮಿ, ನಾನು ಇದನ್ನು ನಿಜವೆಂದು ಹೇಳಲಿಲ್ಲ, ಬಂದುದನ್ನು ಕಳುಹಿಸಿದೆ, ಅಷ್ಟೆ. ಹೇಳುವುದು ಬೇರೆ, ದಾಟಿಸುವುದು ಬೇರೆ. ನಾನು ಅನುವಾದಕ, ವಕ್ತಾರನಲ್ಲ.” ಮೀಮಾಂಸಕರ ಪರಿಭಾಷೆಯ ನೆಲೆಯಲ್ಲಿ ಇದು ಚತುರವಾದ ವಾದ. ಬೇರೊಂದು ಪ್ರಮಾಣದಿಂದ ಮೊದಲೇ ಸಿದ್ಧವಾದುದನ್ನು ಮತ್ತೆ ಹೇಳುವುದು ಅನುವಾದ. ಅದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ. ಆದರೆ ಪೂರ್ವಪಕ್ಷಿ ಒಂದನ್ನು ಮರೆತನು. ಮೊದಲೇ ಸಿದ್ಧವಾಗಿರುವುದಕ್ಕೆ ಮಾತ್ರ ಅನುವಾದವುಂಟು. ಒಡೆಯನೇ ಇಲ್ಲದ ಮಾತು ಯಾವುದರಿಂದ ಸಿದ್ಧವಾಯಿತು? ಕೇಳುವವನ ಮಟ್ಟಿಗೆ ಅದು ಹುಟ್ಟುವುದೇ ನಿನ್ನ ಕೈಯಿಂದ.

“ಹಾಗಾದರೆ ಅಂಚೆಯವನೂ ಕಾಗದದೊಳಗಿನ ಸುಳ್ಳಿಗೆ ಹೊಣೆಯೆ?” ಎಂದು ಅವನು ಕೇಳಬಹುದು. ಅಂಚೆಯವನು ಕಾಗದವನ್ನು ಆರಿಸುವುದಿಲ್ಲ, ಕೊಡಬೇಕಾದ ಮನೆಯನ್ನು ಆರಿಸುವುದಿಲ್ಲ, ಲಕೋಟೆಯ ಮೇಲೆ ತನ್ನ ಹೆಸರನ್ನು ಬರೆಯುವುದೂ ಇಲ್ಲ. ಇವನು ಈ ಮೂರನ್ನೂ ಮಾಡುತ್ತಾನೆ. ಅಂಚೆಯವನಿಗೂ ಇವನಿಗೂ ಇರುವ ಸಾಮ್ಯ ಒಂದೇ: ಇಬ್ಬರೂ ಲಕೋಟೆಯನ್ನು ಒಡೆದು ನೋಡುವುದಿಲ್ಲ. ಇದು ಹಾಸ್ಯಕ್ಕೆ ಹೇಳಿದ ಮಾತಲ್ಲ. ಕೊಲಂಬಿಯ ವಿಶ್ವವಿದ್ಯಾನಿಲಯದವರೂ ಫ್ರಾನ್ಸಿನ ವಿದ್ವಾಂಸರೂ ಕೂಡಿ ೨೦೧೬ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಟ್ವಿಟರಿನಲ್ಲಿ ಹಂಚಲ್ಪಟ್ಟ ಲೇಖನಗಳ ಕೊಂಡಿಗಳಲ್ಲಿ ನೂರಕ್ಕೆ ೫೯ನ್ನು ಯಾರೊಬ್ಬರೂ ತೆರೆದೇ ಇರಲಿಲ್ಲ. ೨೦೧೭ರಿಂದ ೨೦೨೦ರವರೆಗಿನ ೩೫೦ ಲಕ್ಷ ಫೇಸ್‌ಬುಕ್ ಬರಹಗಳನ್ನು ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯಲ್ಲಿ, ಹಂಚಿದ ಕೊಂಡಿಗಳಲ್ಲಿ ನೂರಕ್ಕೆ ಸುಮಾರು ೭೫ನ್ನು ಹಂಚಿದವರು ತಾವೇ ತೆರೆದು ನೋಡಿರಲಿಲ್ಲ. ತಲೆಬರಹವನ್ನು ನೋಡಿದರು, ಕಳುಹಿಸಿದರು.

ಎರಡನೆಯ ಪೂರ್ವಪಕ್ಷ ಮೊದಲನೆಯದಕ್ಕಿಂತ ಬಲವಾದುದು. “ನನಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ. ಮೋಸಹೋದವನಿಗೆ ಅನುಕಂಪ ಸಲ್ಲಬೇಕೇ ಹೊರತು ದೋಷಾರೋಪವಲ್ಲ.” ಇದು ನಿಜವಾಗಿದ್ದರೆ ನಾನು ಇಲ್ಲಿಯೇ ಲೇಖನಿಯನ್ನು ಕೆಳಗಿಡುತ್ತಿದ್ದೆ. ಗಾರ್ಡನ್ ಪೆನಿಕುಕ್, ಡೇವಿಡ್ ರ್‍ಯಾಂಡ್ ಮೊದಲಾದವರು ೨೦೨೧ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳು ಇದು ಪೂರ್ತಿ ನಿಜವಲ್ಲವೆಂದು ತೋರಿಸುತ್ತವೆ. ಅವರು ೩೬ ವಾರ್ತೆಗಳ ತಲೆಬರಹಗಳನ್ನು ತೆಗೆದುಕೊಂಡರು. ಅರ್ಧ ನಿಜ, ಅರ್ಧ ಸುಳ್ಳು. ಒಂದು ಗುಂಪಿನವರನ್ನು, ಇದು ನಿಜವೆ ಎಂದು ಕೇಳಿದರು; ಇನ್ನೊಂದು ಗುಂಪಿನವರನ್ನು, ಇದನ್ನು ಹಂಚುವಿರಾ ಎಂದು ಕೇಳಿದರು. ನಿಜವೆ ಎಂದು ಕೇಳಿಸಿಕೊಂಡವರು ನಿಜವನ್ನೂ ಸುಳ್ಳನ್ನೂ ಬಹುಮಟ್ಟಿಗೆ ಸರಿಯಾಗಿಯೇ ಬೇರ್ಪಡಿಸಿದರು. ಹಂಚುವಿರಾ ಎಂದು ಕೇಳಿಸಿಕೊಂಡವರಲ್ಲಿ ಆ ವಿವೇಕ ಅಷ್ಟಾಗಿ ಕಾಣಲಿಲ್ಲ. ವಾರ್ತೆಯು ತಮ್ಮ ರಾಜಕೀಯ ಪಕ್ಷಕ್ಕೆ ಹಿತವೆ ಎಂಬುದೇ ಅವರ ಆಯ್ಕೆಯಲ್ಲಿ ಮುಂದಾಗಿ ನಿಂತಿತು. ಆದರೂ ಅದೇ ಜನರನ್ನು, ನಿಜವಾದುದನ್ನೇ ಹಂಚುವುದು ಮುಖ್ಯವೆ ಎಂದು ವಿಚಾರಿಸಿದಾಗ ಬಹುಮಂದಿ ಹೌದೆಂದರು. ಎಂದರೆ ಇಲ್ಲಿ ಕಪಟವಿಲ್ಲ, ಕೇವಲ ಅಜ್ಞಾನವೂ ಅಲ್ಲ. ಬುದ್ಧಿ ಇದೆ, ಆ ಗಳಿಗೆಯಲ್ಲಿ ಅದು ಎದ್ದಿಲ್ಲ. ನಮ್ಮವರು ಇದನ್ನು ಪ್ರಮಾದವೆಂದು ಕರೆದರು. ಕನ್ನಡದಲ್ಲಿ ಈಗ ಪ್ರಮಾದವೆಂದರೆ ತಪ್ಪು ಎಂದಷ್ಟೇ ಅರ್ಥವಾಗಿದೆ. ಮೂಲಾರ್ಥವು ಎಚ್ಚರ ತಪ್ಪುವಿಕೆ.

ಎಚ್ಚರ ತಪ್ಪುವುದು ದೋಷವೆ? ಧರ್ಮಶಾಸ್ತ್ರಕಾರರು ತಿಳಿದು ಮಾಡಿದ ಪಾಪವನ್ನೂ ತಿಳಿಯದೆ ಮಾಡಿದ ಪಾಪವನ್ನೂ ಬೇರೆಬೇರೆಯಾಗಿ ಎಣಿಸಿ, ಎರಡನೆಯದಕ್ಕೆ ಪ್ರಾಯಶ್ಚಿತ್ತವನ್ನು ಹಗುರಮಾಡಿದರು, ಇಲ್ಲವೆನ್ನಲಿಲ್ಲ. ಪ್ರಕೃತಕ್ಕೆ ಹೆಚ್ಚು ಹೊಂದುವ ಪ್ರಸಂಗ ಮನುಸ್ಮೃತಿಯ ವ್ಯವಹಾರಾಧ್ಯಾಯದಲ್ಲಿದೆ. ಗಾಡಿ ಹರಿದು ಜನರಿಗಾಗಲಿ ಪಶುಗಳಿಗಾಗಲಿ ಕೇಡಾದರೆ ಯಾರು ಹೊಣೆಯೆಂಬ ವಿಚಾರ ಅದು. ಮೂಗುದಾರ ಕಡಿದಾಗ, ನೊಗ ಮುರಿದಾಗ, ಅಚ್ಚು ಅಥವಾ ಚಕ್ರ ಮುರಿದಾಗ ದಂಡವಿಲ್ಲ. ಗಾಡಿ ಹೊಡೆಯುವವನು, ಸರಿಯಿರೆಂದು ಕೂಗಿ ಎಚ್ಚರಿಸಿದ್ದರೆ ಆಗಲೂ ದಂಡವಿಲ್ಲ. ಎಚ್ಚರಗೇಡಿಯಾಗಿ ಹೊಡೆದವನಿಗೆ ಮಾತ್ರ ದಂಡವುಂಟು. ಹೊಡೆಯಲು ಬಾರದವನನ್ನು ಗಾಡಿಯ ಮೇಲೆ ಕೂರಿಸಿದ ಒಡೆಯನಿಗೂ ಉಂಟು. ಆ ಒಡೆಯನ ಜಾಗದಲ್ಲಿ ಈಗಿನ ದೊಡ್ಡ ಕಂಪೆನಿಗಳನ್ನು ಇಟ್ಟು ನೋಡುವುದನ್ನು ವಾಚಕರಿಗೇ ಬಿಡುತ್ತೇನೆ. ಗಾಡಿ ಹೊಡೆಯುವವನ ಕೂಗನ್ನು ಕುರಿತು ಮಾತ್ರ ಒಂದು ಮಾತು. ನಮ್ಮ ಅಂತೆ ಮಾಡುತ್ತಿದ್ದ ಕೆಲಸ ಅದೇ. ಬರುತ್ತಿರುವ ಮಾತಿನ ತೂಕವನ್ನು ನೋಡಿಕೊಳ್ಳಿ, ಬೇಕಾದರೆ ಸರಿಯಿರಿ ಎಂಬ ಕೂಗು ಅದು. ಕೂಗಿಲ್ಲದ ಗಾಡಿ ಈಗ ಮನೆಮನೆಯೊಳಕ್ಕೆ ನುಗ್ಗುತ್ತಿದೆ.

ಮೂರನೆಯ ಪೂರ್ವಪಕ್ಷವನ್ನು ತರುವವರು ವಾದಪ್ರಿಯರಲ್ಲ, ತಾಯಂದಿರು. “ಸುಳ್ಳೇ ಇರಲಿ, ಎಚ್ಚರಿಕೆಯಿಂದಿದ್ದರೆ ನಷ್ಟವೇನು? ನಿಜವಾಗಿಬಿಟ್ಟರೆ?” ಮಗುವುಳ್ಳ ಹೆಂಗಸಿಗೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾರ್ತೆ ಬಂದರೆ, ಪ್ರಮಾಣಶಾಸ್ತ್ರವನ್ನು ತಿರುವಿಹಾಕುತ್ತ ಕುಳಿತುಕೊಳ್ಳೆಂದು ಆಕೆಗೆ ಹೇಳುವಷ್ಟು ನಿಷ್ಠುರನು ಯಾರೂ ಇರಲಾರನು. ಈ ವಾದಕ್ಕೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ ನಡೆದುದನ್ನು ಹೇಳುವುದೇ ಸರಿ.

೨೦೧೮ರಲ್ಲಿ ಇಂತಹ ವಾರ್ತೆ ನಮ್ಮ ದೇಶದ ಅನೇಕ ಭಾಗಗಳಲ್ಲಿ ವಾಟ್ಸಾಪಿನ ಮೂಲಕ ಹಬ್ಬಿತು. ಅದರ ಜೊತೆಯಲ್ಲಿ ಸುತ್ತುತ್ತಿದ್ದ ಚಲಚ್ಚಿತ್ರವೊಂದರಲ್ಲಿ, ಮೋಟಾರು ಸೈಕಲ್ಲಿನ ಮೇಲೆ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು ಕಾಣುತ್ತಿತ್ತು. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಯನ್ನು ಕುರಿತು ಜನರನ್ನು ಎಚ್ಚರಿಸುವುದಕ್ಕಾಗಿ ತೆಗೆದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಹಿಂದಕ್ಕೆ ತಂದು ಬಿಟ್ಟು ಎಚ್ಚರಿಕೆಯ ಫಲಕವೊಂದನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕತ್ತರಿಸಿದವನು ಒಬ್ಬನಿರಬಹುದು, ಕಳುಹಿಸಿದವರು ಲಕ್ಷಾಂತರ ಜನ, ಅವರಲ್ಲಿ ಬಹುಮಂದಿ ಮಕ್ಕಳನ್ನು ಪ್ರೀತಿಸುವವರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬಲ್ಲಿ ಅಲೆಮಾರಿ ಜನಾಂಗದ ಐವರನ್ನು ಕೊಂದರು. ಜುಲೈ ೧೩ರಂದು ನಮ್ಮ ಬೀದರ ಜಿಲ್ಲೆಯ ಔರಾದ ಸೀಮೆಯಲ್ಲಿ, ಹೈದರಾಬಾದಿನಿಂದ ಗೆಳೆಯರೊಡನೆ ಬಂದಿದ್ದ ತರುಣನೊಬ್ಬನ ಗತಿಯೂ ಅದೇ ಆಯಿತು. ಅವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು. ನೋಡಿದವರಿಗೆ ಸಂಶಯ ಬಂದಿತು. ಚಿತ್ರ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದರು. ಅವರ ಕಾರು ಮುರ್ಕಿ ಗ್ರಾಮವನ್ನು ಸೇರುವ ಮೊದಲೇ ವಾರ್ತೆ ಅಲ್ಲಿಗೆ ಮುಟ್ಟಿತ್ತು. ಒಬ್ಬನು ಸತ್ತನು, ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು, ಬಿಡಿಸಲು ಹೋದ ಪೋಲೀಸಿನವರಿಗೂ ಪೆಟ್ಟು ಬಿದ್ದಿತು.

“ಎಚ್ಚರಿಕೆಯಿಂದ ನಷ್ಟವೇನು” ಎಂಬ ಲೆಕ್ಕದಲ್ಲಿರುವ ತಪ್ಪು ಇಲ್ಲಿ ತಾನಾಗಿಯೇ ಹೊರಬೀಳುತ್ತದೆ. ಲಾಭವನ್ನು ಎಣಿಸಿದುದು ನಮ್ಮ ಮನೆಯ ಮಗುವಿನ ಹೆಸರಿನಲ್ಲಿ. ನಷ್ಟವು ಬಿದ್ದುದು ದಾರಿಹೋಕನ ಹೆಸರಿನಲ್ಲಿ. ಅವನು ಆ ಲೆಕ್ಕದ ಪುಸ್ತಕದಲ್ಲಿ ಇರಲೇ ಇಲ್ಲ. ಪರಸ್ಥಳದವನು, ಭಾಷೆ ಬಾರದವನು, ಭಿಕ್ಷೆಗೆ ಬಂದವನು, ಮಕ್ಕಳನ್ನು ಕಂಡು ಅಕ್ಕರೆಪಟ್ಟವನು: ಒಡೆಯನಿಲ್ಲದ ಮಾತಿನ ಬೆಲೆಯನ್ನು ತೆರತಕ್ಕವರು ಇಂಥವರು. ಅತಿಥಿಯನ್ನು ದೇವರೆಂದು ಎಣಿಸಿ ಬೆಳೆದ ನಾಡಿನಲ್ಲಿ ಇದನ್ನು ಬರೆಯುವುದಕ್ಕೆ ಕೈ ಹಿಂಜರಿಯುತ್ತದೆ.

ಭಯವು ವಾರ್ತೆಯಿಂದ ಹುಟ್ಟುವುದೋ, ವಾರ್ತೆ ಭಯದಿಂದ ಹುಟ್ಟುವುದೋ ಎಂಬುದನ್ನೂ ವಿಚಾರಿಸಬೇಕು. ಈ ವಿಷಯದಲ್ಲಿ ಪಾಟ್ನಾದ ಜಮುನಾ ಪ್ರಸಾದರು ಜಾಲತಾಣಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ಅಮೂಲ್ಯವಾದ ಕೆಲಸವನ್ನು ಮಾಡಿದ್ದರು. ೧೯೩೪ರ ಜನವರಿ ೧೫ರಂದು ಬಿಹಾರ, ನೇಪಾಳಗಳಲ್ಲಿ ಮಹಾಭೂಕಂಪವಾದ ಬಳಿಕ ಹುಟ್ಟಿದ ವದಂತಿಗಳನ್ನು ಅವರು ಸಂಗ್ರಹಿಸಿ ೧೯೩೫ರಲ್ಲಿ ಲೇಖನ ಬರೆದರು. ಗಂಗೆಯ ನೀರು ಮಾಯವಾಗಿ ಸ್ನಾನಕ್ಕಿಳಿದವರು ಮರಳಿನಲ್ಲಿ ಹೂತುಹೋದರಂತೆ, ಚಂದ್ರಗ್ರಹಣದ ದಿನ ಇನ್ನೊಂದು ಕಂಪವಾಗುವುದಂತೆ, ಪ್ರಳಯವೇ ಬರುವುದಂತೆ. ಅಮೆರಿಕದ ಲಿಯಾನ್ ಫೆಸ್ಟಿಂಜರ್ ೧೯೫೭ರಲ್ಲಿ ಪ್ರಕಟಿಸಿದ ತನ್ನ ಪ್ರಖ್ಯಾತ ಸಿದ್ಧಾಂತಕ್ಕೆ ಪ್ರೇರಣೆ ದೊರೆತುದು ಈ ಲೇಖನದಿಂದ. ಆತನ ಕಣ್ಣಿಗೆ ಬಿದ್ದ ವೈಚಿತ್ರ್ಯವೇನೆಂದರೆ, ಈ ವದಂತಿಗಳು ಎದ್ದುದು ನೆಲ ನಡುಗಿದರೂ ಮನೆ ಬೀಳದ ಊರುಗಳಲ್ಲಿ. ಅಲ್ಲಿಯ ಜನರಿಗೆ ಎದೆ ನಡುಗುತ್ತಿತ್ತು. ನಡುಗುವುದಕ್ಕೆ ತಕ್ಕ ಕಾರಣ ಕಣ್ಣೆದುರಿಗೆ ಇರಲಿಲ್ಲ. ಇದ್ದ ಭಯಕ್ಕೆ ತಕ್ಕಷ್ಟು ದೊಡ್ಡ ಕಾರಣವನ್ನು ವದಂತಿ ಒದಗಿಸಿಕೊಟ್ಟಿತು. ಡಾರ್ಜಿಲಿಂಗಿನಲ್ಲಿ ಗುಡ್ಡ ಕುಸಿದು ನಿಜವಾಗಿಯೇ ಹಾಳಾದ ಕಡೆಗಳಲ್ಲಿ ಅಂತಹ ವದಂತಿಗಳು ಏಳಲಿಲ್ಲವೆಂದು ದುರ್ಗಾನಂದ ಸಿನ್ಹರು ೧೯೫೨ರಲ್ಲಿ ಬರೆದರು. ಮನೆ ಕಳೆದುಕೊಂಡವನಿಗೆ ಯಕ್ಷನ ಅಗತ್ಯವಿಲ್ಲ.

೨೦೧೨ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಈಶಾನ್ಯ ಪ್ರಾಂತಗಳ ಸಾವಿರಾರು ಜನ ಗುವಾಹಟಿಗೆ ಹೋಗುವ ರೈಲುಗಳಲ್ಲಿ ಕಿಕ್ಕಿರಿದು ಹೊರಟುಹೋದುದನ್ನು ಅನೇಕರು ಕಂಡಿರಬಹುದು. ಆಗ ವಾರ್ತೆ ಹಬ್ಬಿದ ಸಾಧನಗಳಲ್ಲಿ ಮುಖ್ಯವಾದುದು ಸಾಮಾನ್ಯ ಫೋನಿನ ಕಿರುಸಂದೇಶ. ಸರ್ಕಾರದವರು ಹದಿನೈದು ದಿವಸ, ದಿನಕ್ಕೆ ಐದೇ ಸಂದೇಶಗಳೆಂದು ಕಟ್ಟುಮಾಡಿದರು. ಅಸ್ಸಾಮಿನಲ್ಲಿ ಆಗ ನಿಜವಾಗಿಯೇ ಹೊಯಿಕಯ್ಯಿ ನಡೆದಿದ್ದುದರಿಂದ ಓಡಿಹೋದವರನ್ನು ಮೂಢರೆನ್ನಲಾಗದು. ಅವರಿಗೆ ಬಂದ ಮಾತು ತಾಯಿತಂದೆಗಳಿಂದ, ಊರಿನ ಗೆಳೆಯರಿಂದ ಬಂದುದು. ಆಪ್ತರಿಂದ ಬಂದುದು.

ನನ್ನ ವಯಸ್ಸಿನವರ ವಿಷಯವಾಗಿಯೂ ಒಂದು ಮಾತನ್ನು ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ೨೦೧೬ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಫೇಸ್‌ಬುಕ್ಕಿನಲ್ಲಿ ಸುಳ್ಳುಪತ್ರಿಕೆಗಳ ಲೇಖನಗಳನ್ನು ಯಾರು ಹಂಚಿದರೆಂದು ಗೆಸ್, ನ್ಯಾಗ್ಲರ್, ಟಕರ್ ಎಂಬ ಮೂವರು ಪರಿಶೀಲಿಸಿ ೨೦೧೯ರಲ್ಲಿ ಪ್ರಕಟಿಸಿದರು. ಹಂಚಿದವರು ನೂರಕ್ಕೆ ೮.೫ ಮಂದಿ ಮಾತ್ರ; ಆದರೆ ೬೫ ವರ್ಷ ದಾಟಿದವರು ಅತ್ಯಂತ ಕಿರಿಯ ಗುಂಪಿನವರಿಗಿಂತ ಸುಮಾರು ಏಳರಷ್ಟು ಹೆಚ್ಚು ಹಂಚಿದ್ದರು; ಪಕ್ಷವಾವುದಾದರೂ ಸರಿಯೆ, ವಯಸ್ಸಿನ ಈ ಪರಿಣಾಮ ಹಾಗೆಯೇ ಉಳಿಯಿತು. ಗ್ರಿನ್‌ಬರ್ಗ್ ಮೊದಲಾದವರ ಇನ್ನೊಂದು ಪರಿಶೀಲನೆಯಂತೆ, ಅದೇ ಚುನಾವಣೆಯಲ್ಲಿ ಟ್ವಿಟರಿನ ಸುಳ್ಳುಪತ್ರಿಕೆಗಳ ಹಂಚಿಕೆಯಲ್ಲಿ ನೂರಕ್ಕೆ ಸುಮಾರು ೮೦ ಪಾಲನ್ನು ಮಾಡಿದವರು ಸಾವಿರಕ್ಕೆ ಒಬ್ಬರಂತೆ ಇದ್ದ ಕೆಲವೇ ಜನ. ಆ ದೇಶದ ಅಂಕೆಗಳನ್ನು ನಮ್ಮ ಮನೆಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೂ ಪ್ರತಿ ಮುಂಜಾನೆ ಹೂವಿನ ಚಿತ್ರದೊಡನೆ ಯಾವುದೋ ಕಷಾಯದ ಮಹಿಮೆಯನ್ನು ಕಳುಹಿಸುವವರು ಮೊಮ್ಮಕ್ಕಳೋ ತಾತಂದಿರೋ ಎಂದು ಕೇಳಿದರೆ ಉತ್ತರ ಹೇಳಲು ಪರಿಶೋಧನೆ ಬೇಕಾಗಲಾರದು. ಇದಕ್ಕೆ ನನಗೆ ತೋರುವ ಕಾರಣವೊಂದುಂಟು. ನಾವು ಬೆಳೆದ ಕಾಲದಲ್ಲಿ ಅಚ್ಚಿನ ಅಕ್ಷರಕ್ಕೆ ಗೌರವವಿತ್ತು. ಬರೆದವನು, ಸಂಪಾದಕ, ಮೊಳೆ ಜೋಡಿಸುವವನು, ಕರಡು ತಿದ್ದುವವನು ಎಂದು ನಾಲ್ಕು ಜನರ ಕಣ್ಣನ್ನು ದಾಟಿ ಅದು ಬರುತ್ತಿತ್ತು. ಅಚ್ಚಿನ ಅಂದ ಈಗ ಎಲ್ಲರ ಕೈಗೂ ಬಂದಿದೆ. ಆ ನಾಲ್ಕು ಜನ ಮಾತ್ರ ಬರಲಿಲ್ಲ. ಕಣ್ಣಿಗಾದರೋ ಹಳೆಯ ಭಕ್ತಿ ಉಳಿದಿದೆ.

ಕಂಪೆನಿಯವರೂ ಸುಮ್ಮನಿರಲಿಲ್ಲ. ೨೦೧೮ರ ಜುಲೈಯಲ್ಲಿ ವಾಟ್ಸಾಪಿನವರು, ಮುಂದೆ ಕಳುಹಿಸಿದ ಸಂದೇಶದ ಮೇಲೆ ಅದು ಬೇರೆಡೆಯಿಂದ ಬಂದುದೆಂಬ ಗುರುತನ್ನು ಹಾಕತೊಡಗಿದರು. ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚಾಗಿ ಕಳುಹಿಸಲಾಗದಂತೆ ಮಾಡಿದರು. ೨೦೧೯ರಲ್ಲಿ ಆ ಕಟ್ಟನ್ನು ಲೋಕಕ್ಕೆಲ್ಲ ವಿಸ್ತರಿಸಿದರು. ೨೦೨೦ರ ಏಪ್ರಿಲಿನಿಂದ, ಬಹುಸಲ ಕೈಬದಲಾಯಿಸಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದು. ಅಂತಹ ಸಂದೇಶಗಳ ಸಂಚಾರ ಇದರಿಂದ ನೂರಕ್ಕೆ ೭೦ರಷ್ಟು ಇಳಿಯಿತೆಂದು ಕಂಪೆನಿಯವರೇ ಹೇಳಿದ್ದಾರೆ. ಆ ಗುರುತನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ನಮ್ಮ ವ್ಯಾಕರಣವು ಪುಕ್ಕಟೆಯಾಗಿ ಕೊಟ್ಟಿದ್ದ ಅಂತೆಯನ್ನು ಅಷ್ಟು ದೂರದ ಇಂಜಿನಿಯರುಗಳು ಬಾಣದ ಗುರುತಾಗಿ ಮತ್ತೆ ಕಂಡುಹಿಡಿಯಬೇಕಾಯಿತು!

ಕಟ್ಟಿಗಿಂತ ಆಶಾದಾಯಕವಾಗಿ ತೋರುವುದು ಪೆನಿಕುಕ್ ಮೊದಲಾದವರ ಇನ್ನೊಂದು ಪ್ರಯೋಗ. ಸುಳ್ಳಿಗೆ ಹೆಸರಾದ ಪತ್ರಿಕೆಗಳ ವಾರ್ತೆಗಳನ್ನು ಹಂಚಿದ್ದ ೫,೩೭೯ ಮಂದಿ ಟ್ವಿಟರ್ ಬಳಕೆದಾರರಿಗೆ ಅವರು ಒಂದು ಖಾಸಗಿ ಸಂದೇಶ ಕಳುಹಿಸಿ, ರಾಜಕೀಯಕ್ಕೆ ಸಂಬಂಧವಿಲ್ಲದ ಯಾವುದೋ ಒಂದು ತಲೆಬರಹವನ್ನು ತೋರಿಸಿ, ಇದು ನಿಜವೆಂದು ನಿಮಗೆ ತೋರುತ್ತದೆಯೆ ಎಂದು ಕೇಳಿದರು. ಉಪದೇಶವಿಲ್ಲ, ಗದರಿಕೆಯಿಲ್ಲ. ಮುಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಆ ಜನ ಹಂಚಿದ ವಾರ್ತೆಗಳ ಗುಣ ಸ್ವಲ್ಪ ಮೇಲಾಯಿತು. ಸ್ವಲ್ಪವೇ, ಪವಾಡವೇನೂ ಅಲ್ಲ. ಆದರೂ ಪ್ರಮಾದವು ರೋಗವಲ್ಲ, ನಿದ್ರೆ ಎಂಬುದಕ್ಕೆ ಇದು ಸಾಕ್ಷಿ. (ಜನರಿಗೆ ಹೇಳದೆ ಅವರನ್ನು ಪರೀಕ್ಷೆಗೊಡ್ಡುವುದು ಸರಿಯೆ ಎಂಬುದು ಬೇರೆಯೇ ಪ್ರಶ್ನೆ. ೨೦೧೨ರ ಜನವರಿಯಲ್ಲಿ ಫೇಸ್‌ಬುಕ್ಕಿನವರು ೬,೮೯,೦೦೩ ಜನರ ಮುಂದೆ ಬರುವ ಬರಹಗಳನ್ನು ಅವರಿಗೆ ತಿಳಿಸದೆ ಹೆಚ್ಚುಕಡಮೆ ಮಾಡಿ ಅವರ ಮನೋಭಾವ ಬದಲಾಗುವುದೆ ಎಂದು ನೋಡಿದುದು ೨೦೧೪ರಲ್ಲಿ ಪ್ರಕಟವಾದಾಗ ದೊಡ್ಡ ಆಕ್ಷೇಪಣೆ ಎದ್ದಿತು, ಏಳತಕ್ಕದ್ದೇ.)

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಪ್ರತಿಯೊಬ್ಬನೂ ಪತ್ತೆದಾರನಾಗಬೇಕೆಂದು ನಾನು ಹೇಳುವುದಿಲ್ಲ. ಅದು ಆಗದ ಮಾತು. ನಿರ್ಮೂಲವಾದುದನ್ನು ಬರೆಯುವುದಿಲ್ಲವೆಂಬುದು ನಮ್ಮ ವ್ಯಾಖ್ಯಾನಕಾರರ ಪದ್ಧತಿ. ಅಷ್ಟೇ ಸಾಕೆಂದು ತೋರುತ್ತದೆ. ಇದನ್ನು ಕಂಡವರು ಯಾರು ಎಂಬ ಪ್ರಶ್ನೆಗೆ ಉತ್ತರವಿದ್ದರೆ ಆ ಉತ್ತರವನ್ನೂ ಸೇರಿಸಿ ಕಳುಹಿಸಲಿ, ಇಲ್ಲದಿದ್ದರೆ ಇಟ್ಟುಕೊಳ್ಳಲಿ. ಇಟ್ಟುಕೊಳ್ಳಲಾರದಷ್ಟು ಕಳವಳವಾದರೆ, ಯಾರೋ ಕಳುಹಿಸಿದ್ದು, ನಿಜವೋ ಸುಳ್ಳೋ ನಾನರಿಯೆ ಎಂದು ತನ್ನ ಕೈಯಿಂದ ಒಂದು ಸಾಲು ಬರೆಯಲಿ. ಆ ಸಾಲನ್ನು ಬರೆಯುವ ಹೊತ್ತಿಗೆ ಅರ್ಧ ಜನಕ್ಕೆ ಕಳುಹಿಸುವ ಉತ್ಸಾಹವೇ ಇಳಿದುಹೋದೀತು.

ಕಳುಹಿಸುವವನ ವಿಷಯ ಹೀಗಾಯಿತು. ಸುಮ್ಮನೆ ನೋಡುತ್ತಿರುವವನ ವಿಷಯದಲ್ಲಿ ನನಗೆ ಇನ್ನೂ ನಿರ್ಧಾರವಾಗಿಲ್ಲ. ಸಭೆಯನ್ನು ಹೊಗಲೇಬಾರದು, ಹೊಕ್ಕಮೇಲೆ ನಿಜವನ್ನು ನುಡಿಯಬೇಕು, ಸುಮ್ಮನಿರುವವನಿಗೂ ದೋಷವುಂಟು ಎಂಬುದು ಸ್ಮೃತಿಯ ಮತ. ಆದರೆ ವಾಟ್ಸಾಪಿನ ಕುಟುಂಬಸಭೆಯನ್ನು ನಾವು ಹೊಕ್ಕವರಲ್ಲ; ಸೋದರಳಿಯನೋ ನಾದಿನಿಯೋ ನಮ್ಮನ್ನು ಕೇಳದೆ ಸೇರಿಸಿದವರು. ಅಲ್ಲಿ ಎಂಬತ್ತು ವರ್ಷದ ದೊಡ್ಡಪ್ಪ ಕಳುಹಿಸಿದ ವಾರ್ತೆಯನ್ನು ಮೂವತ್ತು ಜನರೆದುರಿಗೆ ಸುಳ್ಳೆಂದು ಕಿರಿಯನು ಹೇಳಿದರೆ ಸತ್ಯವುಳಿಯಬಹುದು, ಮನೆ ಉಳಿಯುವುದೆ? ಹೇಳದಿದ್ದರೆ ಆ ಮೂವತ್ತು ಜನರಲ್ಲಿ ಒಬ್ಬನು ಅದನ್ನು ಮುಂದಿನ ಊರಿಗೆ ದಾಟಿಸಿಯಾನು. ನನ್ನ ಪರಿಚಯದ ಗೃಹಿಣಿಯೊಬ್ಬಳು ಇದಕ್ಕೆ ಒಂದು ಉಪಾಯ ಮಾಡಿದ್ದಾಳೆ. ವಾದಕ್ಕೆ ಹೋಗುವುದಿಲ್ಲ, ಎಲ್ಲರೆದುರಿಗೆ ತಿದ್ದುವುದೂ ಇಲ್ಲ. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಮಾವನವರಿಗೆ ಫೋನು ಮಾಡಿ, ಕ್ಷೇಮಸಮಾಚಾರವಾದಮೇಲೆ, “ಬೆಳಿಗ್ಗೆ ಕಳುಹಿಸಿದ್ದಿರಲ್ಲ, ಅದನ್ನು ನಿಮಗೆ ಯಾರು ಹೇಳಿದರು ಮಾವ?” ಎಂದು ವಿಚಾರಿಸುತ್ತಾಳೆ. ಮೊದಮೊದಲು ಅವರಿಗೆ ಸಿಟ್ಟು ಬರುತ್ತಿತ್ತು. ಈಗ ಈಕೆ ಕೇಳುವ ಮೊದಲೇ ಅವರು ತಮ್ಮ ಸ್ನೇಹಿತರನ್ನು ಕೇಳಿಟ್ಟುಕೊಂಡಿರುತ್ತಾರೆ; ಅವರಿಗೂ ಯಾರೋ ಕಳುಹಿಸಿದ್ದಂತೆ.